ಐದನೆಯ ಕೈಗವಸು

ಸತ್ತು ನೂರಾ ಮೂವತ್ತು ವರ್ಷ ಕಳೆದ ಹುಡುಗಿಯ ಕೈಗವಸಿಗೆ ಟೀ ರುಚಿ ಇರಬಾರದು. ಇದಕ್ಕೆ ಇತ್ತು.

ನಾನು ಏಣಿಯ ತುದಿಯಲ್ಲಿ, ಚರ್ಚಿನ ಗೋಡೆಗೆ ಮೈ ಒತ್ತಿಕೊಂಡು ನಿಂತಿದ್ದೆ. ಬೆರಳು ಎಂಜಲು ಮಾಡಿ ಆ ಕಾಗದದ ಗವಸಿನ ಅಂಚಿಗೆ ಮೆಲ್ಲಗೆ ಒತ್ತಿದ್ದೆ. ಕಂದು ಬಣ್ಣ ಬೆರಳಿಗೆ ಹತ್ತಿತು. ನೆಕ್ಕಿ ನೋಡಿದೆ. ಹಾಲು ಸಕ್ಕರೆ ಹಾಕದ ಕಡು ಟೀ.

ಹದಿನೈದು ದಿನದ ಹಿಂದೆ ನೆದರ್ ಕೂಂಬ್ಲಿಯ ಈ ಚರ್ಚಿಗೆ ಮೊದಲ ಸಲ ಬಂದಾಗ ಕೆಟುರಾ ಸ್ಟ್ರಡ್ವಿಕ್‌ಳ ಕನ್ಯಾಮಾಲೆಯಿಂದ ತೂಗುತ್ತಿದ್ದದ್ದು ನಾಲ್ಕೇ ಗವಸು. ಉಳಿದ ಎಲ್ಲ ಮಾಲೆಗಳಿಗೂ ಐದಿರುವಾಗ ಇದಕ್ಕೇಕೆ ನಾಲ್ಕು ಎಂದು ನಾನು ಎಲ್ಲರ ಕಿವಿಗೂ ಬೀಳುವಂತೆ ಕೇಳಿದ್ದೆ. ಇವತ್ತು ನೋಡಿದರೆ ಐದಾಗಿದ್ದವು.

ಏಣಿ ಅಲುಗಾಡಿತು.

"ಇಳೀರಿ ಮೇಡಂ ಕೆಳಗೆ. ಇಲ್ಲಾಂದ್ರೆ ನಾನೇ ಇಳಿಸ್ತೀನಿ."

ಲೆನ್ ಹಿಬರ್ಡ್. ಈ ಚರ್ಚಿಗೆ ಗಂಟೆ ಹೊಡೆಯುವವನು, ಗೋರಿ ತೋಡುವವನು. ಅವನ ಅಪ್ಪ, ತಾತ, ಮುತ್ತಾತ ಎಲ್ಲರೂ ಇಲ್ಲೇ ತೋಡಿದವರು. ಅವನು ಸಿಗರೇಟು ಸೇದಲು ಹೊರಗೆ ಹೋದದ್ದೇ ತಡ, ನಾನು ಏಣಿ ಹತ್ತಿದ್ದೆ.

"ಏಣಿ ಬಿಡು ಲೆನ್. ನಾನು ಬಿದ್ರೆ ಗುಂಡಿ ತೋಡೋ ಕೆಲಸ ನಿಂಗೇ ಬರುತ್ತೆ."

"ಬರ್ಲಿ ಬಿಡಿ. ನಿಮಗೆ ಅಂದ್ರೆ ಖುಷಿಯಿಂದ ತೋಡ್ತೀನಿ."

ಕೆಳಗೆ ಹೆಂಗಸರು ನಕ್ಕರು. ಸುಗ್ಗಿಯ ಪ್ರಾರ್ಥನೆಗೆ ಚರ್ಚು ಸಿಂಗರಿಸಲು ಬಂದಿದ್ದ ಐದಾರು ಜನ. ಕಿಟಕಿಯ ಕಟ್ಟೆಗಳ ಮೇಲೆ ಸೇಬು, ಈರುಳ್ಳಿ ಜಡೆ, ಜಾಮಿನ ಸೀಸೆ, ತೆನೆಯ ಕಟ್ಟಿನ ಆಕಾರದಲ್ಲಿ ಸುಟ್ಟ ದೊಡ್ಡ ರೊಟ್ಟಿ. ನಾನು ಬಂದಾಗಿನಿಂದ ಒಬ್ಬರೂ ನನಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿರಲಿಲ್ಲ. ನಾನು ಹೊರಗಿನವಳು. ನನ್ನೂರು ಇಲ್ಲಿಂದ ಎರಡು ಗುಡ್ಡ ದಾಟಿದರೆ ಸಿಗುತ್ತದೆ, ಆದರೆ ಇವರ ಲೆಕ್ಕದಲ್ಲಿ ಎರಡು ಗುಡ್ಡ ಅಂದರೆ ಎರಡು ಸಮುದ್ರ.

ಇಳಿದೆ. ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಲೆನ್ ಬೇಕೆಂತಲೇ ಇನ್ನೊಮ್ಮೆ ಅಲುಗಿಸಿದ. ಇಪ್ಪತ್ತೈದು ವರ್ಷ ಪೊಲೀಸ್ ಕೆಲಸದಲ್ಲಿ ಬದುಕಿರುವ ಕಳ್ಳರ ಹಿಂದೆ ಓಡಿದೆ. ಈಗ ಜನರ ಸತ್ತ ಅಜ್ಜ ಅಜ್ಜಿಯರನ್ನು ಹುಡುಕಿಕೊಡುವುದು ನನ್ನ ಕಸುಬು. ಸತ್ತವರು ಸುಳ್ಳು ಹೇಳಿದರೂ ಏಣಿ ಅಲುಗಿಸುವುದಿಲ್ಲ. ಅವರ ಮೊಮ್ಮಕ್ಕಳ ಕಾಟವೇ ಕಾಟ.

"ಮಿಸಸ್ ಸ್ಕಟ್."

ದನಿ ಬಾಗಿಲಿಂದ ಬಂತು. ಹೆಂಗಸರ ನಗು ನಿಂತಿತು. ಹೂ ಕತ್ತರಿಸುವ ಕತ್ತರಿ ಒಂದು ಕೈಯಲ್ಲಿ, ಡೇಲಿಯಾ ಹೂವಿನ ಬುಟ್ಟಿ ಇನ್ನೊಂದರಲ್ಲಿ. ಮಿಸ್ ಆಗಸ್ಟಾ ಸ್ಟ್ರಡ್ವಿಕ್. ಚರ್ಚಿನ ಆಡಳಿತ ಇವಳದ್ದು, ಬಡ ಮುದುಕರ ಧರ್ಮದ ಮನೆಗಳ ಟ್ರಸ್ಟು ಇವಳದ್ದು, ಊರಿನ ಅರ್ಧ ಹೊಲ ಇವಳ ಅಪ್ಪನದ್ದಾಗಿತ್ತು. ಮದುವೆಯಾಗದೆ ಎಪ್ಪತ್ತು ದಾಟಿದವಳು, ಬೆನ್ನು ಇನ್ನೂ ಬಾಗಿಲ್ಲ.

"ನಮ್ಮ ಚರ್ಚಿನಲ್ಲಿ ಪ್ರಾರ್ಥನೆ ಮಾಡ್ತೀವಿ, ಹಾಡ್ತೀವಿ. ಗೋಡೆ ನೆಕ್ಕೋ ಪದ್ಧತಿ ಇಲ್ಲ."

"ಗೋಡೆ ಅಲ್ಲ, ನಿಮ್ಮ ಅಜ್ಜನ ಅಕ್ಕನ ಗವಸು."

"ಮುಟ್ಟಿದ್ಳಾ?" ಅವಳು ಕೇಳಿದ್ದು ನನ್ನನ್ನಲ್ಲ, ಲೆನ್‌ನನ್ನು. "ಲೆನ್, ಇವಳು ಮಾಲೆ ಮುಟ್ಟಿದ್ಳಾ?"

"ಮುಟ್ಟಿದ್ಳು ಮಿಸ್ ಆಗಸ್ಟಾ. ನಾನು ಕಣ್ಣಾರೆ ಕಂಡೆ."

ಹೆಂಗಸರ ನಡುವೆ ಹಾವು ಹರಿದಂಥ ಸದ್ದು. ಡಲ್ಸಿ ಕ್ಲೆಮೆನ್ಸ್ ಎಂಬ ದಪ್ಪನೆಯ ಹೆಂಗಸು ತನ್ನ ತೋಟದ ಕುಂಬಳಕಾಯಿಯನ್ನು ಎದೆಗವಚಿಕೊಂಡು, "ಅಯ್ಯೋ ದೇವರೇ, ಸುಗ್ಗಿ ದಿನ!" ಎಂದಳು.

ಅವರ ಸಿಟ್ಟು ನನಗೆ ಅರ್ಥವಾಗದ್ದಲ್ಲ. ಮದುವೆಯಾಗದೆ, ಹೆಸರು ಕೆಡಿಸಿಕೊಳ್ಳದೆ ಸತ್ತ ಹುಡುಗಿಯ ಶವದ ಪೆಟ್ಟಿಗೆಯ ಮುಂದೆ, ಬಿಳಿ ಬಟ್ಟೆಯುಟ್ಟ ಇಬ್ಬರು ಹುಡುಗಿಯರು ಈ ಮಾಲೆ ಹಿಡಿದು ನಡೆಯುತ್ತಾರೆ. ಬಾಗಿಸಿದ ಕಡ್ಡಿ, ಕಾಗದದ ಹೂವು, ಕಾಗದದ ಗವಸು ಐದು. ಮಣ್ಣಾದ ಮೇಲೆ ಮೂರು ಭಾನುವಾರ ಅದು ಬಾಗಿಲ ಬಳಿ ತಲೆಗೆ ತಾಗುವಂತೆ ತೂಗುತ್ತದೆ. ಹುಡುಗಿಯ ಮೇಲೆ ಮಾತು ಎತ್ತುವ ಧೈರ್ಯ ಇದ್ದವರು ಒಂದು ಗವಸು ಕಿತ್ತು ಮನೆಯವರ ಕಾಲ ಬಳಿ ಎಸೆಯಬೇಕು. ಎಸೆದ ಗವಸನ್ನು ಎತ್ತಿ ಉತ್ತರ ಕೊಡದೆ ಮನೆಯವರು ಅದನ್ನು ದಾಟುವಂತಿಲ್ಲ. ಯಾರೂ ಎಸೆಯದಿದ್ದರೆ ಮಾಲೆ ಮೇಲೇರುತ್ತದೆ. ಅಲ್ಲಿಂದಾಚೆ ಅದನ್ನು ಮುಟ್ಟುವ ಹಕ್ಕು ಧೂಳಿಗೆ, ಬಾವಲಿಗೆ ಮಾತ್ರ. ತಾನಾಗಿ ಉದುರಿ ಬೀಳುವವರೆಗೆ ಪಾದ್ರಿಯೂ ಕೈ ಹಚ್ಚುವುದಿಲ್ಲ.

"ಮುಟ್ಟಿದ್ದು ಹೌದು," ಎಂದೆ. "ಆದ್ರೆ ನಾನು ಎರಡನೆಯವಳು. ನನಗಿಂತ ಮೊದಲು ಯಾರೋ ಮುಟ್ಟಿದ್ದಾರೆ. ಹದಿನೈದು ದಿನದೊಳಗೆ."

"ಏನು ಹುಚ್ಚು ಮಾತು."

"ನಾಲ್ಕು ಗವಸಿನ ಮೇಲೆ ಧೂಳು ಬೆರಳು ದಪ್ಪ ಇದೆ. ಬಾವಲಿ ಹಿಕ್ಕೆ ಒಣಗಿ ಅಂಟಿಕೊಂಡಿದೆ. ಐದನೆಯದು ತೊಳೆದಿಟ್ಟ ತಟ್ಟೆ ಥರ ಇದೆ, ಬಣ್ಣ ಮಾತ್ರ ಹಳೇದು. ಆ ಬಣ್ಣ ಎಲ್ಲಿಂದ ಬಂತು ಅಂತ ನಿಮಗೆಲ್ಲ ಗೊತ್ತು. ಶಾಲೇಲಿ ಕಡಲ್ಗಳ್ಳರ ನಕ್ಷೆ ಮಾಡಿಲ್ವಾ? ಬಿಳಿ ಹಾಳೆ ತಗೊಂಡು ಅದನ್ನ ಎಲ್ಲಿ ಅದ್ದುತ್ತಿದ್ರಿ?"

ಡಲ್ಸಿಯ ತುಟಿ "ಟೀ" ಎಂದು ಆಡಿತು. ಇಂಗ್ಲೆಂಡಿನಲ್ಲಿ ಹುಟ್ಟಿದವರಿಗೆ ದುಃಖಕ್ಕೂ ಟೀ, ಜ್ವರಕ್ಕೂ ಟೀ, ಮೋಸಕ್ಕೂ ಟೀ. ಬೇರೆ ದೇಶದ ಕಳ್ಳನಾಗಿದ್ದರೆ ಇನ್ನೇನಾದರೂ ಹಚ್ಚಿರುತ್ತಿದ್ದ, ನಾನು ಸೋತಿರುತ್ತಿದ್ದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಿಸ್ ಆಗಸ್ಟಾ ಹೆಗಲು ಮುಟ್ಟಿಕೊಳ್ಳಲಿಲ್ಲ. ಕತ್ತರಿ ಹಿಡಿದ ಕೈಯನ್ನು ಬುಟ್ಟಿಯ ಹಿಂದೆ ಸರಿಸಿದಳು. ಅಷ್ಟೇ ಸಾಕಾಗಿತ್ತು ಲೆನ್‌ಗೆ.

"ಮಿಸ್ ಆಗಸ್ಟಾ," ಅವನು ನಿಧಾನವಾಗಿ ಅಂದ, "ಹೋದ ವಾರ ಜೇಡರ ಬಲೆ ತೆಗೀಬೇಕು, ಏಣಿ ತಾ, ನೀನು ಹೋಗು ಅಂದ್ರಲ್ಲ..."

"ಅದಕ್ಕೇನೀಗ?"

"ಬಲೆ ಎಲ್ಲಾ ಅಲ್ಲೇ ಇದೆ."

"ಲೆನ್ ಹಿಬರ್ಡ್, ನಿನಗೆ ಸಂಬಳ ಯಾರು ಕೊಡ್ತಾರೆ ಅಂತ ಜ್ಞಾಪಕ ಇರ್ಲಿ."

"ಅದಿರ್ಲಿ ಮಿಸ್. ಪಕ್ಕದ ಮಾಲೆ ನಮ್ಮ ತಾತನ ತಂಗೀದು. ಅದನ್ನೂ ಮುಟ್ಟಿದ್ರಾ?" ಅವನ ಕತ್ತಿನ ನರ ಉಬ್ಬಿತ್ತು. ಈಗ ಆ ಸಿಟ್ಟು ನನ್ನ ಮೇಲಿರಲಿಲ್ಲ.

ಹೆದರುವ ಪೈಕಿಯಲ್ಲ ಆಗಸ್ಟಾ. ಬುಟ್ಟಿ ಬೆಂಚಿನ ಮೇಲಿಟ್ಟು, ನನ್ನತ್ತ ಎರಡು ಹೆಜ್ಜೆ ಬಂದಳು.

"ಸರಿ. ಹಾಕಿದ್ದು ನಾನೇ. ಹಳೇ ಕಾಗದ, ಯಾವತ್ತೋ ಉದುರಿ ಬಾವಲಿ ಗೂಡಿಗೆ ಸೇರಿತ್ತು. ಊರಿಗೆ ಬಂದ ಹೊರಗಿನವಳು ನನ್ನ ಮನೆತನದ ಹುಡುಗಿ ಮೇಲೆ ಕೆಸರು ಎರಚೋಕೆ ಹೊರಟಾಗ ದುರಸ್ತಿ ಮಾಡ್ದೆ. ತಪ್ಪಾದ್ರೆ ಪಾದ್ರಿ ಹತ್ರ ಹೇಳ್ಕೋತೀನಿ. ಅದರಿಂದ ನಿಮ್ಮ ಐವಿಗೆ ಏನು ಲಾಭ? ಸತ್ತವಳು ಹೆರ್ತಾಳಾ?"

ಅದೇ ಗಂಟು. ನನ್ನನ್ನು ಈ ಕೆಲಸಕ್ಕೆ ಕರೆಸಿದ ಐವಿ ಟಿಜಾರ್ಡ್‌ಗೆ ಎಪ್ಪತ್ತೆಂಟು. ಊರ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಊಟ ಬಡಿಸಿದವಳು, ಈಗ ಸ್ಟ್ರಡ್ವಿಕ್ ಧರ್ಮದ ಮನೆಗಳ ಸಾಲಿನ ಕೊನೆಯ ಮನೆಯಲ್ಲಿದ್ದಾಳೆ. ಆ ಮನೆಗಳು ಕಟ್ಟಿಸಿದವನ ರಕ್ತದವರಿಗೆ ಮಾತ್ರ. ಐವಿಯ ಅಜ್ಜಿ ಥರ್ಜಾ, ಈ ಕೆಟುರಾಳ ಮಗಳು ಎಂಬ ಬಾಯಿಮಾತಿನ ಮೇಲೆ ಹಿಂದಿನವರು ಮನೆ ಕೊಟ್ಟಿದ್ದರು. ಆಗಸ್ಟಾ ಟ್ರಸ್ಟಿನ ಗದ್ದುಗೆ ಏರಿದ್ದೇ ಬಾಯಿಮಾತು ಸಾಲದಾಯಿತು. ಕೆಟುರಾ ಸಿಡುಬಿನಿಂದ ಸತ್ತು ಮಣ್ಣಾದದ್ದು ೧೮೫೧ರ ಮಾರ್ಚಿನಲ್ಲಿ. ಥರ್ಜಾ ಪಕ್ಕದ ಜಿಲ್ಲೆಯಲ್ಲಿ ಹುಟ್ಟಿದ್ದು ಅದೇ ವರ್ಷದ ಜುಲೈಯಲ್ಲಿ. ಬರುವ ಶುಕ್ರವಾರ ಮೈಕೆಲ್‌ಮಸ್. ಬಾಡಿಗೆದಾರರು ಮನೆ ಬಿಡುವ ದಿನ. ಅಂದು ಐವಿ ಬೀಗದ ಕೈ ಒಪ್ಪಿಸಬೇಕು. ಆಮೇಲೆ ಅವಳಿಗೆ ಎಲ್ಲೂ ಜಾಗವಿಲ್ಲ.

"ಯಾರೋ ಅಡುಗೆಯವಳು ಬಸುರಾಗಿ ಓಡಿಹೋಗಿದ್ದಾಳೆ," ಆಗಸ್ಟಾ ಮುಂದುವರಿಸಿದಳು. "ಹೋದ ಊರಲ್ಲಿ ಮರ್ಯಾದೆಗೆ ಇರ್ಲಿ ಅಂತ ಯಜಮಾನನ ಸತ್ತ ಮಗಳ ಹೆಸರು ಇಟ್ಕೊಂಡಿದ್ದಾಳೆ. ನಿಮ್ಮ ಐವಿ ಆ ಅಡುಗೆಯವಳ ವಂಶ. ಗವಸು ಯಾರೋ ಕಿತ್ತಿದ್ದಾರೆ ಅಂತ ತಾನೇ ನಿಮ್ಮ ಅನುಮಾನ? ತೋರಿಸಿ. ಎಲ್ಲಿದೆ ಆ ಗವಸು?"

ನನ್ನ ಹತ್ತಿರ ಇರಲಿಲ್ಲ. ಟೀ ಕುಡಿದ ಗವಸು ಅವಳ ಮೋಸ ತೋರಿಸುತ್ತಿತ್ತೇ ಹೊರತು ಐವಿಯ ಸತ್ಯವನ್ನಲ್ಲ. ಕಳ್ಳಿ ಕೈಗೆ ಸಿಕ್ಕಿದ್ದಾಳೆ, ಕದ್ದ ಮಾಲು ಸಿಕ್ಕಿಲ್ಲ. ಹೆಂಗಸರು ಮತ್ತೆ ಅವಳ ಕಡೆ ವಾಲುವುದು ನನಗೆ ಕಾಣುತ್ತಿತ್ತು.

"ಇಲ್ಲಿದೆ ಕಣೇ ಆಗಸ್ಟಾ."

ಬಾಗಿಲಲ್ಲಿ ಐವಿ. ಕೋಟಿನ ಗುಂಡಿ ಮೇಲೆ ಕೆಳಗಾಗಿತ್ತು. ಕೈಯಲ್ಲಿ ತುಕ್ಕು ಹಿಡಿದ ಬಿಸ್ಕತ್ತು ಡಬ್ಬಿ. ಹೊಸಿಲ ಮೇಲೆ ನಿಂತವಳು ಒಳಗೆ ಬರಲು ಒಂದು ಗಳಿಗೆ ಹಿಂಜರಿದಳು.

ಹಿಂಜರಿಕೆಗೆ ಕಾರಣವಿತ್ತು. ಐವಿ ಚಾಪೆಲ್‌ಗೆ, ಅಂದರೆ ಚರ್ಚಿನಿಂದ ಒಡೆದು ಹೋದ ಪಂಗಡದ ಪ್ರಾರ್ಥನಾ ಮಂದಿರಕ್ಕೆ, ಹೋಗುವ ಪೈಕಿ. ಅವಳ ಅಮ್ಮ ಹಾಗೆ, ಅಜ್ಜಿ ಥರ್ಜಾ ಹಾಗೆ. ಈ ಚರ್ಚಿಗೂ ಬೀದಿಯಾಚೆಯ ಅವರ ಚಾಪೆಲ್‌ಗೂ ನಡುವೆ ಇರುವುದು ಒಂದು ಬ್ರೆಡ್ಡಿನ ಅಂಗಡಿ. ಆದರೂ ಇವರು ಅಲ್ಲಿಗೆ ಹೋಗರು, ಅವರು ಇಲ್ಲಿಗೆ ಬಾರರು. ಈ ಊರಲ್ಲೇ ಹುಟ್ಟಿ ಮುದುಕಿಯಾದ ಐವಿ ಈ ಮಾಲೆಗಳನ್ನು ಒಮ್ಮೆಯೂ ಕಂಡವಳಲ್ಲ.

"ಚಾಪೆಲ್‌ನವರಿಗೂ ಇವತ್ತು ಬಾಗಿಲು ತೆಗೆದಿದ್ಯಾ?" ಎಂದಳು ಆಗಸ್ಟಾ.

"ದೇವರ ಮನೆ ಬಾಗಿಲಿಗೆ ನೀನು ಯಾವಾಗ ಕಾವಲುಗಾತಿ ಆದೆ? ಸರಿ ಆಚೆ." ಐವಿ ಒಳಗೆ ಬಂದಳು. ನನ್ನತ್ತ ತಿರುಗಿ ಗದರಿದಳು. "ನೀನೂ ಸರಿ ಇದ್ದೀ ಬ್ರೆಂಡಾ! ಮಾಲೆ, ಗವಸು ಅಂತ ಎರಡು ವಾರದಿಂದ ಬಡ್ಕೋತೀಯ. ನಾನು ಉಣ್ಣೆ ಗವಸು ಅನ್ಕೊಂಡಿದ್ದೆ. ಕಾಗದದ್ದು ಅಂತ ಮೊದಲೇ ಬೊಗಳಬಾರದಾ? ಬೆಳಗ್ಗೆ ನನ್ನ ಮೇಜಿನ ಮೇಲೆ ಹಾಳೆ ಕತ್ತರಿಸಿ ತೋರಿಸಿ ಬಿಟ್ಟುಬಂದ್ಯಲ್ಲ, ನೀನು ಹೋದ ಮೇಲೆ ಅದನ್ನೇ ನೋಡ್ತಾ ಕೂತೆ. ಆಮೇಲೆ ಮಂಚದ ಕೆಳಗಿಂದ ಇದನ್ನ ಎಳೆದೆ."

ಡಬ್ಬಿ ತೆರೆದಳು. ಹರಕು ಕಸೂತಿ ಬಟ್ಟೆಯೊಳಗೆ, ಜೇನಿನ ಬಣ್ಣಕ್ಕೆ ತಿರುಗಿದ, ಅಂಗೈಯಷ್ಟೇ ಅಗಲದ ಕಾಗದದ ಗವಸು. ಮಣಿಕಟ್ಟಿನ ಅಂಚಿಗೆ ಅಲೆ ಅಲೆಯಾಗಿ ಕತ್ತರಿಸಿದ ಗುರುತು.

"ಅಜ್ಜಿ ಕೊಟ್ಟಿದ್ದು. ನಾನು ಗೊಂಬೆ ಗವಸು ಅಂತ ತಿಳಿದಿದ್ದೆ."

"ಯಾವ ಮಗುವಾದ್ರೂ ಕತ್ತರಿಸಿರಬಹುದು," ಎಂದಳು ಆಗಸ್ಟಾ. ಆದರೆ ದನಿ ಮೊದಲಿನಂತಿರಲಿಲ್ಲ.

ನಾನು ಏಣಿಯ ಕಡೆ ಹೊರಟೆ. ಲೆನ್ ಅಡ್ಡ ಬಂದ.

"ನೀವು ಬೇಡ ಮೇಡಂ. ನೀವು ಏನು ಬೇಕಾದ್ರೂ ಕಾಣ್ತೀರ. ನಾನು ನೋಡ್ತೀನಿ. ಮುಟ್ಟಲ್ಲ, ನೋಡ್ತೀನಿ ಅಷ್ಟೆ."

ಐವಿ ಯೋಚಿಸದೆ ಗವಸನ್ನು ಅವನ ಟೋಪಿಯೊಳಗಿಟ್ಟಳು. ಅವನು ಟೋಪಿ ಹಲ್ಲಲ್ಲಿ ಕಚ್ಚಿಕೊಂಡು ಹತ್ತಿದ. ಮೇಲೆ ಬಹಳ ಹೊತ್ತು ನಿಂತ. ಡಲ್ಸಿ ಕುಂಬಳಕಾಯಿ ಕೆಳಗಿಡುವುದನ್ನೇ ಮರೆತಿದ್ದಳು. ಅವನು ಇಳಿದು ಬಂದಾಗ ಕೂದಲೆಲ್ಲ ಧೂಳು.

"ಮೊಂಡು ಕತ್ತರಿ," ಎಂದ. "ಮೂರನೇ ಅಲೆ ಹತ್ರ ಕಾಗದ ಕತ್ತರಿಸಿಲ್ಲ, ಹರಿದಿದೆ. ಮೇಲಿರೋ ಹಳೇ ನಾಲ್ಕಕ್ಕೂ ಅಲ್ಲೇ ಹರಿದಿದೆ. ಇದಕ್ಕೂ ಅಲ್ಲೇ." ಅವನು ಗವಸನ್ನು ಐವಿಗೆ ಹಿಂದಿರುಗಿಸಿದ. "ನಿಮ್ಮ ಹೊಸದಕ್ಕೆ ಇಲ್ಲ ಮಿಸ್ ಆಗಸ್ಟಾ. ನಿಮ್ಮ ಕತ್ತರಿ ಒಳ್ಳೇದು."

ನನಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿದ್ದರೆ ಗುದ್ದಲಿಯಿಂದ ಹೊಡೆಯುತ್ತಿದ್ದ, ಅದು ಬೇರೆ ಮಾತು.

"ಕಿತ್ತದ್ದು ಆ ಅಡುಗೆಯವಳೇ," ಆಗಸ್ಟಾ ಪಟ್ಟು ಬಿಡಲಿಲ್ಲ. "ಹೊಟ್ಟೆಕಿಚ್ಚಿಗೆ ಕಿತ್ತಳು. ಹೆಸರೂ ಕದ್ದಳು, ಗವಸೂ ಕದ್ದಳು."

"ಹಾಗಿದ್ರೆ ನೀವು ಹೆದರಿ ಹೊಸದು ಯಾಕೆ ಹಾಕಿದ್ರಿ?" ಎಂದೆ. "ಅಡುಗೆಯವಳ ಹೊಟ್ಟೆಕಿಚ್ಚಿಗೆ ಹೆದರಿ ಎಪ್ಪತ್ತು ದಾಟಿದವರು ಏಣಿ ಹತ್ತಲ್ಲ. ಐವಿ, ಇದನ್ನ ಕೊಡುವಾಗ ನಿನ್ನ ಅಜ್ಜಿ ಏನಾದ್ರೂ ಹೇಳಿದ್ಳಾ?"

"ಏನಿಲ್ಲ. ಬಿಸಾಡಬೇಡ ಅಂದ್ಳು." ಐವಿ ಹುಬ್ಬು ಗಂಟಿಕ್ಕಿದಳು. "ಅಜ್ಜಿ ಯಾವಾಗ್ಲೂ ಒಂದು ಮಾತು ಹೇಳಿ ನಗೋಳು. ನಮ್ಮ ಮನೇಲಿ ಯಾರಾದ್ರೂ ಹಟ ಮಾಡಿದ್ರೆ, 'ನಮ್ಮಮ್ಮನ ಥರ ಆಡಬೇಡ, ತನ್ನ ಮಣ್ಣಿಗೆ ತಾನೇ ಹೋಗಿ ಬಂದೋಳು ಅವಳು' ಅಂತ. ನಾವೂ ನಗ್ತಿದ್ವಿ. ಹುಚ್ಚು ಗಾದೆ ಅನ್ಕೊಂಡು..."

ಹೇಳುತ್ತ ಹೇಳುತ್ತ ಅವಳಿಗೇ ಅರ್ಥವಾಗಿತ್ತು.

ಕೆಟುರಾ ಸತ್ತಿರಲಿಲ್ಲ. ಹೊಟ್ಟೆಯಲ್ಲಿ ಐದು ತಿಂಗಳ ಕೂಸು ಇಟ್ಟುಕೊಂಡ ಮಗಳನ್ನು ಅಪ್ಪ ಊರಾಚೆ ತಳ್ಳಿ, ಸಿಡುಬು ಬಂದು ಸತ್ತಳೆಂದು ಸಾರಿ, ಪೆಟ್ಟಿಗೆಗೆ ಮೊಳೆ ಹೊಡೆಸಿದ್ದ. ಸಿಡುಬಿನ ಪೆಟ್ಟಿಗೆ ತೆರೆದು ನೋಡುವವರು ಯಾರು? ಆ ಮೂರು ಭಾನುವಾರಗಳಲ್ಲಿ ಒಂದು ದಿನ ಅವಳು ಈ ಬಾಗಿಲಿಗೆ ಬಂದಿದ್ದಾಳೆ. ತನ್ನ ಹೆಸರಿನ ಮಾಲೆಯ ಕೆಳಗೆ ನಿಂತು, ಕೈಯೆತ್ತಿ, ಒಂದು ಗವಸು ಕಿತ್ತಿದ್ದಾಳೆ. ಕಿತ್ತಳು, ಆದರೆ ಎಸೆಯಲಿಲ್ಲ. ಎಸೆಯುವಷ್ಟು ಧೈರ್ಯ ಬರಲಿಲ್ಲವೋ, ಬದುಕುವ ಆಸೆ ಹೆಚ್ಚಿತ್ತೋ. ಅದನ್ನು ಎದೆಯಲ್ಲಿಟ್ಟುಕೊಂಡು ಹೊರಟುಹೋದಳು.

ಮಾಲೆ ನಾಲ್ಕು ಗವಸಿನೊಂದಿಗೆ ಮೇಲೇರಿತು. ಊರಿಗೆ ಊರೇ ಯಜಮಾನನ ಹೊಲದಲ್ಲಿ ದುಡಿಯುತ್ತಿದ್ದಾಗ ಎಣಿಸಿ ಹೇಳುವವರು ಯಾರು?

ಮಿಸ್ ಆಗಸ್ಟಾ ಬೆಂಚಿನ ತುದಿ ಹಿಡಿದುಕೊಂಡಳು. ಆಮೇಲೆ ಅವಳು ಮಾಡಿದ ಕೆಲಸ ನಾನು ಎಣಿಸಿದ್ದಲ್ಲ.

"ಐವಿ," ಎಂದಳು. ಮೊದಲ ಸಲ ಅವಳ ದನಿಯಲ್ಲಿ ಮೆದುತನ. "ಮನೆ ನಿನ್ನದು. ಸಾಯೋವರೆಗೂ. ಶುಕ್ರವಾರದ ಮಾತು ಮರೆತುಬಿಡು. ನೀನು ಸ್ಟ್ರಡ್ವಿಕ್ ಅಂತ ಇಷ್ಟು ಜನದ ಮುಂದೆ ಒಪ್ಕೋತೀನಿ. ಆ ಕಾಗದ ನನ್ನ ಕೈಗೆ ಕೊಡು, ಈ ಹೆಂಗಸನ್ನ ಊರಿಗೆ ಕಳಿಸು. ಅಷ್ಟೇ ಸಾಕು."

ಇಷ್ಟು ಸುಲಭವೇ! ಮೂರು ತಿಂಗಳು ಒಬ್ಬ ಮುದುಕಿಯನ್ನು ಬೀದಿಗೆ ಹಾಕಲು ಒದ್ದಾಡಿದವಳು ಒಂದೇ ಉಸಿರಿಗೆ ಮನೆ ಬಿಟ್ಟುಕೊಡುವುದೆಂದರೆ, ಮನೆಗಿಂತ ದೊಡ್ಡದು ಏನೋ ಅವಳ ಕೈಜಾರುತ್ತಿದೆ. ನನಗೆ ಅದು ಗೊತ್ತಾಯಿತು. ಆದರೂ ಬಾಯಿ ತೆರೆಯಲಿಲ್ಲ. ತಗೋ ಐವಿ, ತಗೊಂಡು ಬಿಡು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಎಪ್ಪತ್ತೆಂಟು ವರ್ಷದವಳಿಗೆ ಬೆಚ್ಚಗಿನ ಒಲೆಗಿಂತ ಸತ್ತವರ ಸತ್ಯ ದೊಡ್ಡದಲ್ಲ.

ಐವಿಯ ಕಣ್ಣು ತುಂಬಿತ್ತು. "ಒಲೆ ಪಕ್ಕದ ಕಿಟಕಿ ಗಾಜು ಒಡೆದಿದೆ," ಎಂದಳು. "ಅದೂ ಹಾಕಿಸಿ ಕೊಡ್ತೀಯಾ?"

"ಹಾಕಿಸ್ತೀನಿ."

ಐವಿ ಗವಸು ಹಿಡಿದ ಕೈಯನ್ನು ಮುಂದೆ ಚಾಚಿದಳು.

"ಭಾರ ಇತ್ತಂತೆ," ಎಂದ ಲೆನ್.

ಅವನು ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ಏಣಿಗೆ ಒರಗಿ, ಮೇಲೆ ಮಾಲೆಯನ್ನೇ ನೋಡುತ್ತಿದ್ದ.

"ಏನು ಭಾರ?" ಎಂದೆ.

"ಪೆಟ್ಟಿಗೆ. ಕೆಟುರಾದು. ನಮ್ಮ ಮುತ್ತಾತ ಹೊತ್ತ ನಾಲ್ವರಲ್ಲಿ ಒಬ್ಬ. ಇಪ್ಪತ್ತೆರಡರ ಹುಡುಗಿ, ಅದೂ ಸಿಡುಬಲ್ಲಿ ಬತ್ತಿದವಳು, ಇಷ್ಟು ಭಾರ ಯಾಕೆ, ಹೆಗಲು ಕಿತ್ತು ಬಂತಲ್ಲ ಅಂತ ಸಾಯೋವರೆಗೂ ಕೇಳ್ತಿದ್ನಂತೆ. ನಮ್ಮ ತಾತ ಹೇಳ್ತಿದ್ದ. ನಾವೆಲ್ಲ ಮುದುಕನ ಹೆಗಲೇ ಸರಿ ಇರಲಿಲ್ಲ ಅಂತ ನಗ್ತಿದ್ವಿ."

"ಕಲ್ಲು ತುಂಬಿರ್ತಾರೆ," ಡಲ್ಸಿ ತಟ್ಟನೆ ಅಂದಳು. "ಖಾಲಿ ಪೆಟ್ಟಿಗೆ ಅಂತ ಗೊತ್ತಾಗಬಾರದಲ್ಲ."

"ಕಲ್ಲಾದ್ರೆ ಉರುಳುತ್ತೆ ಡಲ್ಸಿ, ಸದ್ದು ಮಾಡುತ್ತೆ," ಎಂದ ಲೆನ್. "ಹೊತ್ತವರಿಗೆ ಗೊತ್ತಾಗಲ್ವಾ? ಹೆಣದ ಭಾರ ಹೇಗಿರುತ್ತೆ ಅಂತ ಹಿಬರ್ಡ್‌ಗಳಿಗೆ ಯಾರೂ ಹೇಳಿಕೊಡಬೇಕಿಲ್ಲ."

ಐವಿಯ ಕೈ ಗಾಳಿಯಲ್ಲೇ ನಿಂತಿತ್ತು. ಅವಳು ಆಗಸ್ಟಾಳ ಮುಖ ನೋಡಿದಳು. ಶಾಲೆಯ ಊಟದ ಸಾಲಿನಲ್ಲಿ ಸುಳ್ಳು ಹೇಳಿ ಎರಡನೇ ಸಲ ಬಂದ ಮಗುವನ್ನು ನೋಡುತ್ತಿದ್ದ ನೋಟ ಅದು.

"ನಮ್ಮಜ್ಜಿಗೆ ಅಪ್ಪ ಅಂತ ಒಬ್ಬ ಇರಬೇಕಲ್ಲ ಆಗಸ್ಟಾ," ಎಂದಳು. "ಕೆಟುರಾ ಒಬ್ಬಳೇ ಹೋದ್ಳು. ಅವನು ಯಾಕೆ ಹೋಗ್ಲಿಲ್ಲ? ಬಸುರಿಯನ್ನ ಬಿಟ್ಟು ಅವನೆಲ್ಲಿದ್ದ?"

"ನನಗೇನು ಗೊತ್ತು."

"ಅವಳು ತನ್ನ ಮಣ್ಣಿಗೆ ಬಂದದ್ದಲ್ಲ, ಅಲ್ವಾ? ಆ ಪೆಟ್ಟಿಗೆಯೊಳಗೆ ಯಾರಿದ್ದಾರೆ ಅಂತ ಅವಳಿಗೆ ಗೊತ್ತಿತ್ತು. ಅವನ ಮಣ್ಣಿಗೆ ಬಂದ್ಳು."

"ಐವಿ, ಯೋಚಿಸಿ ಮಾತಾಡು. ಚಳಿಗಾಲ ಬರ್ತಿದೆ. ಕಾಗದ ಕೊಡು, ಮನೆ ಉಳಿಸ್ಕೊ."

"ಇಲ್ಲ ಅನ್ನು. ಒಂದೇ ಮಾತು. ಅದರಲ್ಲಿ ನಮ್ಮ ಮುತ್ತಜ್ಜ ಇಲ್ಲ ಅನ್ನು, ಈಗಲೇ ಕೊಟ್ಟುಬಿಡ್ತೀನಿ."

ದೇವರ ಮನೆಯಲ್ಲಿ ನಿಂತಿದ್ದಳು ಆಗಸ್ಟಾ. ಟೀಯಲ್ಲಿ ಕಾಗದ ಅದ್ದುವುದು ಬೇರೆ, ಇಲ್ಲಿ ನಿಂತು ಆ 'ಇಲ್ಲ' ಹೇಳುವುದು ಬೇರೆ. ಅವಳು ಆ ಮಾತು ಬಿಟ್ಟು ಗವಸಿಗೆ ಕೈ ಮಾತ್ರ ಚಾಚಿದಳು.

ಐವಿ ಕೈ ಕೊಡವಿದಳು. ಗವಸು ಹಗುರವಾಗಿ ಇಳಿದು ಕಲ್ಲು ನೆಲದ ಮೇಲೆ, ಆಗಸ್ಟಾಳ ಬೂಟಿನ ಮುಂದೆ ಬಿತ್ತು. ಕೆಟುರಾ ಎಸೆಯದೆ ಉಳಿಸಿದ್ದನ್ನು ಅವಳ ಮರಿಮಗಳು ಎಸೆದಿದ್ದಳು.

"ಎತ್ತಿಕೋ," ಎಂದಳು ಐವಿ. "ಎತ್ತಿಕೊಂಡು ಉತ್ತರ ಕೊಡು."

ಡಲ್ಸಿ ಕುಂಬಳಕಾಯಿಯೊಂದಿಗೆ ಬೆಂಚಿಗೆ ಕುಸಿದು ಕುಳಿತಳು.

"ಶುಕ್ರವಾರ ಬೆಳಗ್ಗೆ," ಮಿಸ್ ಆಗಸ್ಟಾ ಅಂದಳು, "ಬೀಗದ ಕೈ ನನ್ನ ಮೇಜಿನ ಮೇಲಿರಬೇಕು." ಬುಟ್ಟಿ ಎತ್ತಿಕೊಂಡಳು. ದೊಡ್ಡ ಬಾಗಿಲು ಎದುರಿಗೇ ಇತ್ತು, ಅವಳಿಗೂ ಬಾಗಿಲಿಗೂ ನಡುವೆ ಇದ್ದದ್ದು ಆ ತುಂಡು ಕಾಗದ ಮಾತ್ರ. ಒಂದು ಕಾಲು ಮುಂದಿಟ್ಟಳು. ಹಿಂದೆಗೆದಳು. ಬೆನ್ನು ತಿರುಗಿಸಿ, ಪಾದ್ರಿ ಬಟ್ಟೆ ಬದಲಿಸುವ ಕೋಣೆಯ ಪಕ್ಕದ ಸಣ್ಣ ಬಾಗಿಲಿಂದ ತಲೆ ತಗ್ಗಿಸಿ ಹೊರಟುಹೋದಳು.

ನಾನು ಐವಿಯ ತೋಳು ಹಿಡಿದೆ.

"ನನ್ನ ಮನೆ ಹೋಯ್ತು ಬ್ರೆಂಡಾ."

"ಶುಕ್ರವಾರ ಇನ್ನೂ ಬಂದಿಲ್ಲ," ಎಂದೆ. ನನಗೇ ನಂಬಿಕೆಯಿರಲಿಲ್ಲ. "ಅವನ ಹೆಸರು ಬೇಕು ಐವಿ. ಆ ವರ್ಷ ಈ ಊರಿಂದ ಯಾರು ಕಾಣೆಯಾದ ಅಂತ ಗೊತ್ತಾದ್ರೆ..."

"ಬೆಂಜಮಿನ್," ಎಂದ ಲೆನ್.

ಅವನು ಬಾಗಿ ಗವಸನ್ನು ಎತ್ತಿ, ಧೂಳು ಊದಿ, ಐವಿಯ ಡಬ್ಬಿಯಲ್ಲಿಟ್ಟ. ಆ ಒರಟು ಕೈ ಅಷ್ಟು ಮೆದುವಾಗಿ ಏನನ್ನಾದರೂ ಹಿಡಿದೀತೆಂದು ನಾನು ಎಣಿಸಿರಲಿಲ್ಲ.

"ಸ್ಟ್ರಡ್ವಿಕ್ ಯಜಮಾನರ ಕುದುರೆ ನೋಡ್ಕೋತಿದ್ದ. ಆ ವರ್ಷ ಚಳಿಗಾಲ ಕಳೆಯೋ ಹೊತ್ತಿಗೆ ಹೇಳದೆ ಕೇಳದೆ ಸೈನ್ಯಕ್ಕೆ ಓಡಿಹೋದ ಅಂತ ಯಜಮಾನರೇ ಮನೆಗೆ ಬಂದು ಹೇಳಿದ್ರಂತೆ. ಒಂದು ಸುದ್ದೀನೂ ಬರ್ಲಿಲ್ಲ. ಅವನ ಅಣ್ಣ ಬೈದು ಬೈದು ಸತ್ತ, ಅಮ್ಮನ್ನ ಬಿಟ್ಟುಹೋದ ನಾಯಿ ಅಂತ. ಅವನ ಹೆಸರು ನಮ್ಮ ಮನೇಲಿ ಯಾರೂ ಎತ್ತಲ್ಲ ಮೇಡಂ."

"ನಿಮ್ಮ ಮನೇಲಿ ಯಾಕೆ?"

"ಬೆಂಜಮಿನ್ ಹಿಬರ್ಡ್. ನಮ್ಮ ಮುತ್ತಾತನ ತಮ್ಮ." ಲೆನ್‌ನ ಕಣ್ಣು ಕೆಂಪಾಗಿತ್ತು. "ಭಾರ ಯಾಕೆ ಅಂತ ಕೇಳ್ತಿದ್ನಲ್ಲ... ತಮ್ಮನ್ನ ಅವನೇ ಹೊತ್ತ. ಹೊತ್ತು, ಅವನೇ ಮಣ್ಣು ಮುಚ್ಚಿದ."

ಬಾಗಿಲ ಮೂಲೆಯಲ್ಲಿ ಒರಗಿಸಿದ್ದ ಗುದ್ದಲಿಯನ್ನು ಎತ್ತಿಕೊಂಡು ಅವನು ಸಮಾಧಿಗಳ ಕಡೆ ನಡೆದ. ಬಿಷಪ್ಪರ ಅಪ್ಪಣೆಯಿಲ್ಲದೆ ಗೋರಿಗೆ ಕೈ ಹಚ್ಚಿದರೆ ಜೈಲೆಂದು ಅವನಿಗೆ ಗೊತ್ತು, ನನಗೂ ಗೊತ್ತು. ಅವನ ಹಿಂದೆ ಓಡಿದೆ. ತಡೆಯಲು ಓಡಿದೆನೋ, ತೋಡಲು ಓಡಿದೆನೋ, ಕೆಟುರಾಳ ಕಲ್ಲಿನ ಮುಂದೆ ನಿಂತಾಗಲೂ ನನಗೆ ತಿಳಿದಿರಲಿಲ್ಲ.